ಕಳುಹಿಸಿದ ತಾಯಿಯ ಹಕ್ಕು: ನಿರಾಶ್ರಿತ ಮಕ್ಕಳ ಐತಿಹಾಸಿಕ ಕಾದಂಬರಿಗಳ ಓದು

ಮಕ್ಕಳ ಕಾದಂಬರಿಗಳನ್ನು ದೈವಶಾಸ್ತ್ರದ ಪತ್ರಿಕೆಯಲ್ಲಿ ವಿಮರ್ಶಿಸುವ ರೂಢಿ ನಮ್ಮಲ್ಲಿಲ್ಲ. ಗುರುಮಠದ ಗ್ರಂಥಾಲಯದಲ್ಲಿ ಅಂತಹ ಪುಸ್ತಕಗಳೇನೋ ಇವೆ. ಭಾನುವಾರದ ಧರ್ಮೋಪದೇಶದ ತರಗತಿಗೆ ಬೇಕಾದೀತೆಂದು ಯಾರೋ ಉದಾರಿಗಳು ಕೊಟ್ಟು ಹೋದವು, ಕೆಳಗಿನ ಕಪಾಟಿನಲ್ಲಿ ಧೂಳು ಹಿಡಿದು ಕುಳಿತಿವೆ. ಸ್ವೀಡನ್ನಿನ ಲೇಖಕಿ ಅನ್ನಿಕಾ ಥೋರ್ ಅವರು 1996ರಲ್ಲಿ ಪ್ರಕಟಿಸಿದ, ‘ಕಡಲಿನಲ್ಲೊಂದು ದ್ವೀಪ’ ಎಂಬ ಅರ್ಥದ ಹೆಸರುಳ್ಳ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಓದಿ ಮುಗಿಸಿದಾಗ, ಸಂಸ್ಕಾರಗಳ ದೈವಶಾಸ್ತ್ರವನ್ನು ಕಲಿಸುವ ನಾವು ಇದನ್ನು ಇಷ್ಟು ತಡವಾಗಿ ಓದಿದೆವಲ್ಲ ಎಂದು ನಾಚಿಕೆಯಾಯಿತು. ದೀಕ್ಷಾಸ್ನಾನದ ಪಾಠದಲ್ಲಿ ನಾವು ಎರಡು ವಾಕ್ಯಗಳಲ್ಲಿ ದಾಟಿಹೋಗುವ ಒಂದು ಪ್ರಶ್ನೆಯನ್ನು ಈ ಪುಸ್ತಕವು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕಣ್ಣಿನಿಂದ ಇಡೀ ಒಂದು ವರ್ಷದ ಬದುಕಾಗಿ ಹರಡಿಡುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡೋಣ. 1938ರ ನವೆಂಬರಿನಲ್ಲಿ ಜರ್ಮನಿ, ಆಸ್ಟ್ರಿಯಾಗಳ ಯೆಹೂದ್ಯರ ಅಂಗಡಿಗಳೂ ಪ್ರಾರ್ಥನಾಮಂದಿರಗಳೂ ಧ್ವಂಸಗೊಂಡ ಮೇಲೆ, ಬ್ರಿಟನ್ನು ತಂದೆತಾಯಿಯರಿಲ್ಲದೆ ಒಂಟಿಯಾಗಿ ಬರುವ ಮಕ್ಕಳಿಗೆ ಬಾಗಿಲು ತೆರೆಯಿತು. ಆ ವರ್ಷದ ಡಿಸೆಂಬರ್ 2ರಂದು ಮೊದಲ ತಂಡವು ಹಾರ್ವಿಚ್ ಬಂದರಿನಲ್ಲಿ ಇಳಿಯಿತು. ಮುಂದಿನ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗುವ ಹೊತ್ತಿಗೆ ಹೀಗೆ ಬಂದವರು ಹತ್ತಿರ ಹತ್ತಿರ 10,000. ಸ್ವೀಡನ್ನು ಸುಮಾರು 500 ಮಕ್ಕಳನ್ನು ಬರಮಾಡಿಕೊಂಡಿತು. ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಮಗುವಿಗೆ ಪ್ರವೇಶ, ತಾಯಿಗಿಲ್ಲ ಎಂಬುದು ತಾಯಿ ಮಾಡಿದ ಆಯ್ಕೆಯಲ್ಲ; ಅದು ಆಶ್ರಯ ಕೊಟ್ಟ ದೇಶದ ಕಾನೂನು. ಈ ಬಗೆಯ ಹಲವು ಕಥೆಗಳಲ್ಲಿ ರೈಲುನಿಲ್ದಾಣದ ಕಣ್ಣೀರು, ತಾಯಿಯ ತ್ಯಾಗ, ಅತಿಥೇಯರ ಔದಾರ್ಯ ಎಲ್ಲವೂ ಇರುತ್ತವೆ. ವೀಸಾ ಕಚೇರಿಯ ಗುಮಾಸ್ತ ಮಾತ್ರ ಮಾಯವಾಗಿರುತ್ತಾನೆ. ಪ್ರತಿಯೊಂದು ಔದಾರ್ಯದ ಹಿಂದೆಯೂ ಒಂದು ನಿರಾಕರಣೆಯಿತ್ತು ಎಂಬುದನ್ನು ಮಕ್ಕಳಿಗೆ ಹೇಳದೆ ಬಿಟ್ಟರೆ ಕಥೆಯು ಅರ್ಧ ಸುಳ್ಳಾಗುತ್ತದೆ. ಥೋರ್ ಅವರ ಕಾದಂಬರಿಯಲ್ಲಿ ಅಮೆರಿಕದ ಪ್ರವೇಶಪತ್ರವು ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುವುದೇ ಪುಟಗಳ ಉಸಿರಾಟವಾಗಿದೆ. ಅದು ಬರುವುದೇ ಇಲ್ಲ.

ಇದಕ್ಕೆ ಹೋಲಿಕೆಯಾಗಿ ಇಯಾನ್ ಸೆರಾಲಿಯರ್ ಅವರ 1956ರ ‘ದ ಸಿಲ್ವರ್ ಸೋರ್ಡ್’ ಕಾದಂಬರಿಯನ್ನು ನೋಡಬಹುದು. ವಾರ್ಸಾದಲ್ಲಿ ತಂದೆತಾಯಿಯರನ್ನು ನಾಜಿಗಳು ಎಳೆದೊಯ್ದ ಮೇಲೆ ಮೂವರು ಒಡಹುಟ್ಟಿದವರೂ ಬೀದಿಯ ಅನಾಥ ಹುಡುಗ ಯಾನನೂ ಪಾಳುಬಿದ್ದ ಯೂರೋಪನ್ನು ಹಾದು ಸ್ವಿಟ್ಜರ್ಲೆಂಡಿನತ್ತ ನಡೆಯುತ್ತಾರೆ. ಕೊನೆಯಲ್ಲಿ ಎಲ್ಲರೂ ಒಂದಾಗುತ್ತಾರೆ. ಲೇಖಕರು ಕ್ವೇಕರ್ ಪಂಥದವರು. ಹಗೆಯಿಲ್ಲದ ಬರಹ ಅವರದು, ಜರ್ಮನ್ ರೈತನೂ ಅದರಲ್ಲಿ ಮನುಷ್ಯನಾಗಿಯೇ ಕಾಣುತ್ತಾನೆ. ನಾವು ಅದನ್ನು ಎರಡು ಬಾರಿ ಓದಿದ್ದೇವೆ, ಎರಡು ಸಲವೂ ಮೆಚ್ಚಿದ್ದೇವೆ. ಆದರೆ ಅಂತ್ಯಕಾಲದಲ್ಲಿ ನಾವು ನಿರೀಕ್ಷಿಸುವ ಪುನರ್ಮಿಲನವನ್ನು ಅದು ಕಥಾಸಂವಿಧಾನದೊಳಕ್ಕೇ ತಂದಿಟ್ಟುಕೊಂಡಿದೆ. ನಂಬಿ ನಡೆದವರಿಗೆ ಮನೆ ಸಿಗುತ್ತದೆ ಎಂಬ ಭರವಸೆಯನ್ನು ಭೂಪಟದ ಮೇಲೆ ಗೆರೆ ಎಳೆದು ತೋರಿಸಿದಂತಾಗಿದೆ. ತಂದೆತಾಯಿ ಎಂದೂ ಸಿಗದ ಮಗು ಆ ಪುಸ್ತಕವನ್ನು ಓದಿದರೆ ತನ್ನ ನಂಬಿಕೆಯಲ್ಲೇ ಏನೋ ಕೊರತೆಯಿತ್ತೆಂದು ತಿಳಿದೀತು. ದೈವಾನುಗ್ರಹದ ಬಗ್ಗೆ ನಮ್ಮ ಪ್ರಬೋಧನೆಗಳು ಮಾಡುವ ತಪ್ಪೂ ಇದೇ ಆದ್ದರಿಂದ ಸೆರಾಲಿಯರರನ್ನು ಮಾತ್ರ ದೂರಲಾಗದು.

ಥೋರ್ ಅವರ ಕಥೆ ಹೀಗಿದೆ. 1939ರ ಬೇಸಿಗೆಯಲ್ಲಿ ವಿಯೆನ್ನಾದಿಂದ ಸ್ಟೆಫಿ ಮತ್ತು ಅವಳ ತಂಗಿ ನೆಲ್ಲಿ ಗೋಥೆನ್‌ಬರ್ಗಿನ ಆಚೆಯ ಮೀನುಗಾರರ ದ್ವೀಪಕ್ಕೆ ಬರುತ್ತಾರೆ. ಅಕ್ಕತಂಗಿಯರು ಒಂದೇ ಮನೆಯಲ್ಲಿರುತ್ತಾರೆಂದು ನಂಬಿ ಕಳುಹಿಸಲಾಗಿತ್ತು. ಬಂದಿಳಿದ ಮೇಲೆ ಬೇರೆ ಬೇರೆ ಮನೆಗಳು. ನೆಲ್ಲಿಗೆ ಸಿಗುವುದು ಆಲ್ಮಾಳ ಚಿಕ್ಕಮಕ್ಕಳ ಗಲಾಟೆಯ ಬೆಚ್ಚನೆಯ ಮನೆ. ಸ್ಟೆಫಿಗೆ ಸಿಗುವುದು ಮೆರ್ತಾ ಎಂಬ ನಿಷ್ಠುರ ಹೆಂಗಸಿನ ಒಪ್ಪಓರಣದ ಮನೆ. ಗಂಡ ಎವರ್ಟ್ ಮೃದುಮನಸ್ಸಿನವನು, ಆದರೆ ಬಹುಕಾಲ ಕಡಲ ಮೇಲೆಯೇ. ಸ್ಟೆಫಿ ತಂದೆತಾಯಿಗೆ ಬರೆಯುವ ಕಾಗದಗಳಲ್ಲಿ ತನ್ನ ಸಂಕಟವನ್ನು ಮರೆಮಾಚುತ್ತಾಳೆ. ನೆಲ್ಲಿ ಸ್ವೀಡಿಷ್ ಭಾಷೆಯನ್ನು ಬೇಗ ಕಲಿಯುತ್ತಾಳೆ, ಜರ್ಮನ್ ಅಷ್ಟೇ ಬೇಗ ಅವಳ ನಾಲಿಗೆಯಿಂದ ಜಾರುತ್ತದೆ. ಈ ಎರಡನೆಯ ಸಂಗತಿಯನ್ನು ಲೇಖಕಿ ನಿಧಾನವಾಗಿ, ಒಂದಿಷ್ಟೂ ಒತ್ತಿ ಹೇಳದೆ ಬೆಳೆಸುತ್ತಾರೆ. ಸುಖವಾಗಿರುವ ಮಗುವೇ ಹೆಚ್ಚು ಕಳೆದುಕೊಳ್ಳುತ್ತಿದೆ ಎಂದು ಓದುಗನಿಗೆ ಹೊಳೆಯುವ ಹೊತ್ತಿಗೆ ಆಲ್ಮಾಳ ಬಗ್ಗೆ ನಮಗೆ ಪ್ರೀತಿ ಮೂಡಿಬಿಟ್ಟಿರುತ್ತದೆ, ಯಾರನ್ನೂ ದೂರಲಾಗದ ಇಕ್ಕಟ್ಟಿನಲ್ಲಿ ನಾವಿರುತ್ತೇವೆ. ಇದು ಕಾದಂಬರಿಯ ಅತ್ಯುತ್ತಮ ಭಾಗ.

ಆ ದ್ವೀಪದ ಜನ ಪೆಂತೆಕೊಸ್ತ್ ಸಭೆಯವರು. ವಿಯೆನ್ನಾದ ಈ ಯೆಹೂದ್ಯ ಮಕ್ಕಳೂ ಪ್ರಾರ್ಥನಾಕೂಟಕ್ಕೆ ಹೋಗಬೇಕಾಗುತ್ತದೆ, ರಕ್ಷಣೆ ಹೊಂದಿದವರ ಲೆಕ್ಕಕ್ಕೆ ಸೇರುತ್ತಾರೆ. ಲೇಖಕಿ ಇದನ್ನು ಅಪಹಾಸ್ಯ ಮಾಡುವುದಿಲ್ಲ, ಬಣ್ಣಿಸಿ ಹೊಗಳುವುದೂ ಇಲ್ಲ. ಸಭೆಯವರು ದುಷ್ಟರಲ್ಲ, ಮಗುವಿಗೆ ತಮ್ಮಲ್ಲಿರುವ ಅತಿ ಶ್ರೇಷ್ಠವಾದುದನ್ನೇ ಕೊಡುತ್ತಿದ್ದೇವೆಂದು ಪ್ರಾಮಾಣಿಕವಾಗಿ ನಂಬಿದವರು. ಮನೆ ಬಿಟ್ಟು ಬಂದ ಮಗುವಿನ ಅಳುವಿಗೂ ಪಶ್ಚಾತ್ತಾಪದ ಅಳುವಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ಇಲ್ಲಿನ ತೊಡಕು. ನಮ್ಮ ಜಪಸರದ ಕೂಟಗಳಲ್ಲಿ, ಯುವಜನರ ಧ್ಯಾನಕೂಟಗಳಲ್ಲಿ ಕಣ್ಣೀರನ್ನು ಪವಿತ್ರಾತ್ಮರ ಕಾರ್ಯವೆಂದು ಕೂಡಲೇ ಘೋಷಿಸುವ ಅಭ್ಯಾಸವುಳ್ಳವರು ಈ ಅಧ್ಯಾಯಗಳನ್ನು ನಿಧಾನವಾಗಿ ಓದಬೇಕು.

ದೋಷವಿಲ್ಲದ ಪುಸ್ತಕವೇನಲ್ಲ. ಮೆರ್ತಾ ಏಕೆ ಇಷ್ಟು ಕಠಿಣಳು ಎಂಬುದಕ್ಕೆ ಅವಳ ಮಗಳ ಅಕಾಲಮರಣವು ಉತ್ತರವಾಗಿ ಒದಗುತ್ತದೆ. ಆ ಕೀಲಿ ಬೀಗಕ್ಕೆ ತೀರ ಸಲೀಸಾಗಿ ಹೊಂದಿಕೊಳ್ಳುತ್ತದೆ. ಮಗುವನ್ನು ಕಳೆದುಕೊಂಡ ಮನೆಗೆ ತಾಯಿಯನ್ನು ಬಿಟ್ಟು ಬಂದ ಮಗು ಎಂಬ ಸಮೀಕರಣದಲ್ಲಿ ಒಂದು ಅಪಾಯವಿದೆ, ಓದುಗನು ಲೆಕ್ಕ ಸರಿಹೋಯಿತೆಂದು ನಿಟ್ಟುಸಿರು ಬಿಡುತ್ತಾನೆ. ಅದೃಷ್ಟವಶಾತ್ ಲೇಖಕಿ ಅಲ್ಲಿಗೇ ನಿಲ್ಲಿಸಲಿಲ್ಲ. 1999ರವರೆಗೆ ಇನ್ನೂ ಮೂರು ಸಂಪುಟಗಳು ಬಂದವು. ತೆರೆಜಿನ್‌ಸ್ಟಾಟ್ ಶಿಬಿರದಿಂದ ಬರುವ ತುಂಡು ತುಂಡು ಮಾತಿನ ಕಾರ್ಡುಗಳು ಆ ಲೆಕ್ಕವನ್ನು ಮತ್ತೆ ಕೆಡಿಸುತ್ತವೆ.

ಈಗ ನಮ್ಮ ಪಾಠದ ಆ ಎರಡು ವಾಕ್ಯಗಳಿಗೆ ಬರೋಣ. ಯೆಹೂದ್ಯರ ಮಕ್ಕಳಿಗೆ ತಂದೆತಾಯಿಯರ ಇಚ್ಛೆಗೆ ವಿರುದ್ಧವಾಗಿ ದೀಕ್ಷಾಸ್ನಾನ ಕೊಡಬಹುದೇ ಎಂಬ ಪ್ರಶ್ನೆಯನ್ನು ಸಂತ ಥಾಮಸ್ ಅಕ್ವಿನಾಸರು ‘ಸುಮ್ಮಾ’ದಲ್ಲಿ ಎರಡು ಕಡೆ ಎತ್ತಿ, ಎರಡು ಕಡೆಯೂ ಕೂಡದೆಂದರು. ವಿವೇಚನೆ ಬರುವ ಮುನ್ನ ಮಗುವು ತಂದೆತಾಯಿಯರ ಆರೈಕೆಯೊಳಗೆ ಗರ್ಭದಲ್ಲಿರುವಂತೆಯೇ ಇದೆ, ಅಲ್ಲಿಂದ ಅದನ್ನು ಕೀಳುವುದು ಸ್ವಾಭಾವಿಕ ನ್ಯಾಯಕ್ಕೆ ವಿರುದ್ಧ ಎಂಬುದು ಅವರ ವಾದದ ತಿರುಳು. ಆದರೆ ಮರಣಾಪಾಯದಲ್ಲಿರುವ ಶಿಶುವಿನ ವಿಷಯದಲ್ಲಿ ತಂದೆತಾಯಿಯರ ಸಮ್ಮತಿಯಿಲ್ಲದಿದ್ದರೂ ಸಂಸ್ಕಾರವು ನ್ಯಾಯಬದ್ಧವೆಂದು 1983ರ ಧರ್ಮಸಭಾ ಕಾನೂನಿನ 868ನೆಯ ವಿಧಿಯ ಎರಡನೆಯ ಉಪವಿಧಿ ಇಂದಿಗೂ ಹೇಳುತ್ತದೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಇವೆರಡನ್ನೂ ತಪ್ಪಿಲ್ಲದೆ ಬರೆಯುತ್ತಾರೆ. ಇವೆರಡರ ನಡುವೆ ಬಿದ್ದ ಮಕ್ಕಳ ಹೆಸರನ್ನು ಮಾತ್ರ ನಾವು ಕಲಿಸುವುದಿಲ್ಲ.

1858ರಲ್ಲಿ ಬೊಲೋನಾ ನಗರದ ಆರು ವರ್ಷದ ಎಡ್ಗಾರ್ಡೊ ಮೊರ್ತಾರಾನನ್ನು ಪೋಪರ ರಾಜ್ಯದ ಪೊಲೀಸರು ಯೆಹೂದ್ಯ ತಂದೆತಾಯಿಯರಿಂದ ಬೇರ್ಪಡಿಸಿ ಒಯ್ದರು. ಕೂಸಾಗಿದ್ದಾಗ ಕಾಯಿಲೆ ಬಿದ್ದವನಿಗೆ ಮನೆಗೆಲಸದ ಹುಡುಗಿ ಗುಟ್ಟಾಗಿ ನೀರು ಹಾಕಿದ್ದಳೆಂಬುದು ಕಾರಣ. ಅವನು ಮುಂದೆ ಗುರುವಾದನು, 1940ರಲ್ಲಿ ಬೆಲ್ಜಿಯಮ್ಮಿನಲ್ಲಿ ತೀರಿಕೊಳ್ಳುವವರೆಗೆ ಒಂಬತ್ತನೆಯ ಪಯಸ್ ಅವರಿಗೆ ಕೃತಜ್ಞನಾಗಿಯೇ ಇದ್ದನು. ಅವನ ಕೃತಜ್ಞತೆಯನ್ನೇ ಮುಂದಿಟ್ಟು ಆ ಕೃತ್ಯವನ್ನು ಸಮರ್ಥಿಸುವವರು ಈಗಲೂ ಉಂಟು. ಇನ್ನೊಂದು ಪ್ರಕರಣ ಕಾದಂಬರಿಗೆ ಇನ್ನೂ ಹತ್ತಿರದ್ದು. ವಿಯೆನ್ನಾದಿಂದಲೇ ಓಡಿಬಂದ ವೈದ್ಯ ಫಿನಾಲಿ ದಂಪತಿಗಳು ಫ್ರಾನ್ಸಿನ ಗ್ರೆನೋಬ್ಲ್ ಬಳಿ ತಮ್ಮ ಇಬ್ಬರು ಗಂಡುಮಕ್ಕಳನ್ನು ಪರರ ಕೈಗೆ ಒಪ್ಪಿಸಿದ ಬಳಿಕ 1944ರಲ್ಲಿ ಬಂಧಿತರಾಗಿ ಆಶ್ವಿಟ್ಸಿನಲ್ಲಿ ಹತರಾದರು. ಮಕ್ಕಳು ಉಳಿದರು. ಯುದ್ಧ ಮುಗಿದ ಮೇಲೆ ರಕ್ತಸಂಬಂಧಿಗಳು ಬಂದು ಕೇಳಿದರೂ ಸಾಕಿದಾಕೆ ಕೊಡಲೊಪ್ಪಲಿಲ್ಲ; 1948ರಲ್ಲಿ ದೀಕ್ಷಾಸ್ನಾನ ಮಾಡಿಸಿದಳು. 1953ರಲ್ಲಿ ನ್ಯಾಯಾಲಯದ ಆದೇಶವನ್ನು ಮೀರಿ ಮಕ್ಕಳನ್ನು ಗಡಿ ದಾಟಿಸಿ ಸ್ಪೇನಿನಲ್ಲಿ ಅಡಗಿಸಿಡಲಾಯಿತು. ಗುರುಗಳೂ ಕನ್ಯಾಸ್ತ್ರೀಯರೂ ಸೆರೆಯಾದರು. ಅದೇ ವರ್ಷ ಮಕ್ಕಳು ಬಂಧುಗಳ ಕೈಸೇರಿದರು. ಜೀವವನ್ನು ಪಣಕ್ಕಿಟ್ಟು ಯೆಹೂದ್ಯ ಮಕ್ಕಳನ್ನು ಉಳಿಸಿದ ಕಾನ್ವೆಂಟುಗಳ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂಬೇಕು. ಉಳಿಸಿದ ಕೈಯೇ ಹಿಡಿದಿಟ್ಟುಕೊಂಡ ಕೈಯೂ ಆದುದನ್ನು ಹೇಳುವುದಿಲ್ಲ.

ಹೀಗಾಗಿ ಈ ಪ್ರಕಾರದ ಯಾವುದೇ ಪುಸ್ತಕವನ್ನು ನಾವು ಅಳೆಯುವುದು ಒಂದೇ ಒಂದು ಪ್ರಶ್ನೆಯಿಂದ: ಕಥೆ ಮುಗಿಯುವಾಗ ಕಳುಹಿಸಿದ ತಾಯಿಯ ಹಕ್ಕು ಇನ್ನೂ ಜೀವಂತವಾಗಿದೆಯೆ? ಶ್ರೀಗ್ರಂಥವು ಈ ವಿಷಯದಲ್ಲಿ ಆಶ್ಚರ್ಯಕರವಾಗಿ ಜಾಗರೂಕವಾಗಿದೆ. ವಿಮೋಚನಾಕಾಂಡದ ಎರಡನೆಯ ಅಧ್ಯಾಯದಲ್ಲಿ ಮೋಶೆಯ ಪೆಟ್ಟಿಗೆಯನ್ನು ಜೊಂಡಿನ ನಡುವೆ ಇಟ್ಟ ಬಳಿಕ ಅಕ್ಕ ದೂರದಲ್ಲಿ ನಿಂತು ಕಾಯುತ್ತಾಳೆ. ಅರಸನ ಮಗಳು ಮಗುವನ್ನು ಕಂಡದ್ದೇ ತಡ, ಹೆತ್ತ ತಾಯಿಯೇ ದಾದಿಯಾಗಿ ಕಥೆಯೊಳಕ್ಕೆ ಹಿಂದಿರುಗುತ್ತಾಳೆ. ಅರಮನೆಯ ಔದಾರ್ಯವು ನಿಜ, ಹೆಸರಿಟ್ಟವಳೂ ಅರಸನ ಮಗಳೇ. ಆದರೂ ಮೋಶೆ ಬೆಳೆದ ಮೇಲೆ ನೋಡಹೋಗುವುದು ತನ್ನ ಜನರ ಬಿಟ್ಟಿದುಡಿಮೆಯನ್ನು. ಸಮುವೇಲನನ್ನು ಶಿಲೋವಿನಲ್ಲಿ ಒಪ್ಪಿಸಿದ ಹನ್ನಳು ವರ್ಷಕ್ಕೊಮ್ಮೆ ಚಿಕ್ಕ ನಿಲುವಂಗಿಯೊಂದನ್ನು ಹೊಲಿದು ತರುತ್ತಾಳೆ. ದೇವರಿಗೇ ಕೊಟ್ಟ ಮಗುವಿನ ಅಳತೆಯನ್ನೂ ತಾಯಿ ಪ್ರತಿವರ್ಷ ನೆನಪಿಟ್ಟುಕೊಂಡಿದ್ದಳು ಎಂಬುದನ್ನು ಗ್ರಂಥಕರ್ತನು ಬಿಡದೆ ದಾಖಲಿಸಿದ್ದಾನೆ. ಸಂತ ಮತ್ತಾಯನ ಎರಡನೆಯ ಅಧ್ಯಾಯದಲ್ಲಂತೂ ಪವಿತ್ರ ಕುಟುಂಬವು ಈಜಿಪ್ಟಿಗೆ ಪಾರಾದ ಸಂತೋಷದ ಬೆನ್ನಿಗೇ, ಸಾಂತ್ವನವನ್ನು ಒಲ್ಲದ ರಾಖೇಲಳ ಅಳು ಕೇಳಿಸುತ್ತದೆ.

ಇದೆಲ್ಲ ಯೂರೋಪಿನ ಮಾತಾಯಿತು ಎನ್ನುವವರು ಕೊಲ್ಹಾಪುರದವರೆಗೆ ಬರಬಹುದು. 1941ರ ಒಪ್ಪಂದದ ಬಳಿಕ ಸೋವಿಯತ್ ಶಿಬಿರಗಳಿಂದ ಬಿಡುಗಡೆಯಾದ ಪೋಲೆಂಡಿನ ಕುಟುಂಬಗಳು ಹಸಿವಿನಿಂದ ಸಾಯುತ್ತಿದ್ದವು. ಅನಾಥಾಲಯದ ಮಕ್ಕಳನ್ನು ದೇಶದಿಂದ ಹೊರಗೆ ಕರೆದೊಯ್ಯುತ್ತಾರೆಂದು ತಿಳಿದ ಎಷ್ಟೋ ತಾಯಂದಿರು, ತಾವು ಬದುಕಿದ್ದರೂ, ಮಕ್ಕಳನ್ನು ಅನಾಥರೆಂದು ಒಪ್ಪಿಸಿದರು. ಅಶ್ಗಾಬಾದಿನಿಂದ ಲಾರಿಗಳಲ್ಲಿ ಪರ್ಷಿಯಾದ ಮಶ್ಹದಿನ ಮೂಲಕ ಬಂದ ಮಕ್ಕಳಿಗೆ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರು 1942ರಲ್ಲಿ ಬಾಲಾಚಡಿಯಲ್ಲಿ ನೆಲೆ ಕೊಟ್ಟರು. ಅಲ್ಲಿ ಶಿಬಿರಾಧಿಪತಿಯಾಗಿದ್ದವರು ಫ್ರಾನ್ಸಿಷೆಕ್ ಪ್ಲೂತಾ ಎಂಬ ಗುರುಗಳು. 1943ರಿಂದ 1948ರವರೆಗೆ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ, ನಮ್ಮ ನಿಪ್ಪಾಣಿಯಿಂದ ಹೆಚ್ಚು ದೂರವಲ್ಲದ ಕಡೆ, ಸುಮಾರು 5,000 ಪೋಲೆಂಡಿಗರು ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಯುದ್ಧಾನಂತರ ಕಮ್ಯುನಿಸ್ಟ್ ಆಳ್ವಿಕೆಗೆ ಮಕ್ಕಳನ್ನು ಬಲವಂತವಾಗಿ ಹಿಂದಿರುಗಿಸಬಾರದೆಂದು ಜಾಮ್ ಸಾಹೇಬರೂ ಫಾದರ್ ಪ್ಲೂತಾ ಅವರೂ ಕಾಗದಪತ್ರಗಳಲ್ಲಿ ಅವರ ದತ್ತಕ ತಂದೆಯರಾದರು. ಅದು ಧೈರ್ಯದ ಕೆಲಸ. ಆದರೂ ಅನಾಥನೆಂದು ಬರೆಸಿ ಕಳುಹಿಸಿದ ತಾಯಿಯೊಬ್ಬಳು ಉಳಿದುಕೊಂಡು ಮಗನನ್ನು ಹುಡುಕಿದ್ದರೆ ಆ ಸಹಿಯ ಮುಂದೆ ಅವಳ ಸ್ಥಾನವೇನು? ಒಳ್ಳೆಯ ಕಾದಂಬರಿಕಾರನಿಗೆ ಇಷ್ಟು ಸಾಕು.

ಈ ಬರಹದ ಬಹುಭಾಗವನ್ನು ನಾವು ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿ ಕುಳಿತು ಬರೆದೆವು. ಅಲ್ಲಿನ ಹಿರಿಯರಿಗೆ ವಿಯೆನ್ನಾದ ಕಥೆಯನ್ನು ವಿವರಿಸಬೇಕಾಗಿಲ್ಲ. 1947–48ರಲ್ಲಿ ರಜಾಕಾರರ ಭಯಕ್ಕೆ ಹೈದರಾಬಾದ್ ಸಂಸ್ಥಾನದ ಗಡಿಹಳ್ಳಿಗಳವರು ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಗೆ ಗಂಟುಮೂಟೆ ಕಟ್ಟಿದರು. ಇಡೀ ಮನೆ ಬಿಡಲಾಗದವರು ಮಕ್ಕಳನ್ನಷ್ಟೇ ನೆಂಟರ ಮನೆಗೆ ಬಂಡಿ ಹತ್ತಿಸಿದರು. ಹಾಗೆ ಹೋಗಿ ಬಂದ ಅಜ್ಜಿಯೊಬ್ಬರು ನಮಗೆ ರಜಾಕಾರರ ಸುದ್ದಿಯನ್ನೇ ಹೇಳಲಿಲ್ಲ. ‘ಅವ್ವ ರೊಟ್ಟಿ ಕಟ್ಟಿಕೊಟ್ಟಳು, ಬಂಡ್ಯಾಗ ತಾ ಹತ್ತಲಿಲ್ಲ’ ಎಂದಷ್ಟೇ ಎರಡು ಸಲ ಹೇಳಿದರು. ಇನ್ನು 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲೆ ನಡೆದ ಕೊಲೆಸುಲಿಗೆಗಳನ್ನು ಪಂಡಿತ ಸುಂದರಲಾಲ್ ಸಮಿತಿಯು ಸುತ್ತಾಡಿ ದಾಖಲಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಸತ್ತವರು 27,000ದಿಂದ 40,000 ಎಂದು ಅಂದಾಜಿಸಿದ ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಗಡಿಯಾಚೆಗೆ ಹೋದ ಮಗುವಿಗೂ, ಗಡಿಯೊಳಗೆ ತಂದೆಯನ್ನು ಕಳೆದುಕೊಂಡ ಮಗುವಿಗೂ ಒಂದೇ ಪುಸ್ತಕದಲ್ಲಿ ಜಾಗವಿರಬೇಕು. ಸೆಪ್ಟೆಂಬರ್ 17ರ ಶಾಲಾ ಭಾಷಣಗಳಲ್ಲಿ ಆ ಜಾಗವಿಲ್ಲ.

ಕನ್ನಡದಲ್ಲಿ ಇದು ಆಗದ ಕೆಲಸವಲ್ಲ. ನಮ್ಮವರೇ ಆದ ನಾ. ಡಿಸೋಜ ಅವರು ಶರಾವತಿಯ ಮುಳುಗಡೆಯನ್ನು ‘ಮುಳುಗಡೆಯ ಊರಿಗೆ ಬಂದವರು’ ಕೃತಿಯಲ್ಲಿ ಮಕ್ಕಳ ಮುಂದಿಟ್ಟರು. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವೂ ಅದಕ್ಕೆ ಬಂದಿತು. ನೆಲ ಕಳೆದುಕೊಂಡವರ ದುಃಖ ಮಕ್ಕಳಿಗೆ ಭಾರವಾದೀತೆಂದು ಅವರು ಹಿಂಜರಿಯಲಿಲ್ಲ. ಗುರುಮಠದಲ್ಲಿ ಅವರ ‘ದ್ವೀಪ’ವನ್ನು ಓದಿದವರು ಸಿಗುತ್ತಾರೆ, ಮಕ್ಕಳ ಪುಸ್ತಕಗಳನ್ನು ಓದಿದವರು ವಿರಳ.

ನಿಂಬರ್ಗಾದಲ್ಲಿ ಈಗ ದಿಕ್ಕು ತಿರುಗಿದೆ. ತೊಗರಿ ಕೈಕೊಟ್ಟ ವರ್ಷ ತಂದೆತಾಯಿಯರೇ ಗುಳೆ ಹೋಗುತ್ತಾರೆ, ಪುಣೆಗೆ, ಮುಂಬಯಿಗೆ, ಬೆಂಗಳೂರಿಗೆ. ಮಕ್ಕಳು ಅಜ್ಜಿಯ ಬಳಿಯೋ ವಿದ್ಯಾರ್ಥಿನಿಲಯದಲ್ಲೋ ಉಳಿಯುತ್ತಾರೆ. ಯುದ್ಧವಿಲ್ಲ, ಆದ್ದರಿಂದ ಅವರನ್ನು ಯಾರೂ ನಿರಾಶ್ರಿತರೆನ್ನುವುದಿಲ್ಲ. ಈ ಪತ್ರಿಕೆಯ ಓದುಗರಲ್ಲಿ ಹಲವರು ಅಂತಹ ನಿಲಯಗಳ ಮೇಲ್ವಿಚಾರಕರು, ಉಳಿದವರಲ್ಲಿ ಅನೇಕರು ಮುಂದೆ ಆಗುವವರು. ಅದಕ್ಕಾಗಿಯೇ ನಮ್ಮ ಒಂದು ತಪ್ಪನ್ನು ಇಲ್ಲಿ ಬರೆಯುತ್ತೇವೆ.

ಗುರುದೀಕ್ಷೆಯಾದ ಹೊಸತರಲ್ಲಿ ಬೇರೊಂದು ಊರಿನ ವಿದ್ಯಾರ್ಥಿನಿಲಯವು ನಮ್ಮ ವಶದಲ್ಲಿತ್ತು. ವಾರ್ಷಿಕೋತ್ಸವಕ್ಕೆ ನಾವೇ ನಾಟಕವೊಂದನ್ನು ಬರೆದೆವು. ದಿಕ್ಕಿಲ್ಲದ ಹುಡುಗನೊಬ್ಬನು ನಿಲಯಕ್ಕೆ ಬಂದು, ಇನ್ನು ಮುಂದೆ ಇದೇ ನನ್ನ ಮನೆ, ಇವರೇ ನನ್ನ ತಂದೆತಾಯಿ ಎನ್ನುವುದು ಅದರ ಮುಕ್ತಾಯ. ಚೆನ್ನಾಗಿ ಅಭಿನಯಿಸಿದ ಹುಡುಗ ತಾಂಡಾದವನು. ಅವನ ತಾಯಿ ಪುಣೆಯ ಕಟ್ಟಡದ ಕೆಲಸದಿಂದ ಅಂದೇ ಬೆಳಿಗ್ಗೆ ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ಜನ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಮಾರನೆಯ ದಿನ ಕಚೇರಿಗೆ ಬಂದು, ದಾಖಲಾತಿಯ ಪುಸ್ತಕದಲ್ಲಿ ತನ್ನ ಹೆಸರು ಎಲ್ಲಿದೆ ತೋರಿಸಿರೆಂದು ಕೇಳಿದಳು. ಓದಲು ಬಾರದವಳು, ಬೆರಳಿಟ್ಟು ತೋರಿಸಿದರೆ ಸಾಕೆಂದಳು. ಪೋಷಕರು ಎಂಬ ಕಲಮಿನಲ್ಲಿ, ಗುಳೆ ಹೋದವರ ಸಹಿ ಬೇಕಾದಾಗ ಸಿಗದೆಂಬ ಅನುಕೂಲಕ್ಕಾಗಿ, ಆ ಪುಟದ ಎಲ್ಲ ಮಕ್ಕಳ ಮುಂದೆಯೂ ನಮ್ಮ ಹೆಸರೇ ಇತ್ತು.

ಆ ತಿಂಗಳೇ ಪುಸ್ತಕವನ್ನು ಹೊಸದಾಗಿ ಬರೆಸಿದೆವು. ಮೂವರು ಮಕ್ಕಳಿಗೆ ತಾಯಿಯ ಪೂರ್ತಿ ಹೆಸರು ಗೊತ್ತಿರಲಿಲ್ಲ, ಅವ್ವ ಎಂದಷ್ಟೇ ಹೇಳಿದರು. ಯುಗಾದಿಗೆ ಅವರು ಊರಿಗೆ ಬರುವವರೆಗೆ ಆ ಮೂರು ಸಾಲುಗಳನ್ನು ಖಾಲಿ ಬಿಟ್ಟೆವು.